ಆಟ, ಓಟ, ಊಟ: ಕರಾವಳಿಯಲ್ಲಿ ಎರಡು ದಿನ

ಶನಿವಾರ, ಭಾನುವಾರ ಬಂತೆಂದರೆ ಮನೆಯಲ್ಲಿ ಎಲ್ಲರಿಗೂ ರಜೆ. ಮಕ್ಕಳಿಗೆ ಶಾಲೆಯಿಲ್ಲ, ಯಜಮಾನರಿಗೆ ಆಫೀಸಿಲ್ಲ. ರಜೆ ತಾನೆ ಎಂದು ತಿಂಡಿಗೆ ಉಪ್ಪಿಟ್ಟು ಸಾಲದು, ದೋಸೆಯೇ ಆಗಬೇಕು. ಮಧ್ಯಾಹ್ನಕ್ಕೊಂದು ಪಾಯಸ, ಸಂಜೆಗೆ ಬೋಂಡ. ವಾರದ ಐದು ದಿನ ಹತ್ತು ಗಂಟೆಗೆ ಆರುವ ಒಲೆ ಈ ಎರಡು ದಿನ ಆರುವುದೇ ಇಲ್ಲ. ರಜೆ ಯಾರಿಗೆ, ದುಡಿಮೆ ಯಾರಿಗೆ ಅಂತ ನಿಮ್ಮನ್ನು ಕೇಳಬೇಕೆ?

ಮನೆಯಲ್ಲಿದ್ದರೆ ತಾನೆ ಈ ಪಾಡು, ಎಲ್ಲಾದರೂ ಹೋಗಿಬರೋಣ ಎಂದು ಹೊರಟಿರೋ, ಅಡಿಗೆಮನೆಯೂ ಜೊತೆಗೇ ಹೊರಡುತ್ತದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಚಪಾತಿ ಲಟ್ಟಿಸಬೇಕು, ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಬೇಕು. ಬುತ್ತಿ ಕಟ್ಟುವವರು ನೀವು, ಬಡಿಸುವವರು ನೀವು, ಹೊಳೆಯ ದಡದಲ್ಲಿ ಡಬ್ಬಿ ತೊಳೆಯುವವರೂ ನೀವೇ. ಊರು ನೋಡಿ ಬಂದವರು ಮಾತ್ರ ಉಳಿದವರು! ಮರುದಿನ ಪಕ್ಕದ ಮನೆಯಾಕೆ "ಹೇಗಿತ್ತು ಕಣ್ರೀ ಟೂರು?" ಅಂದರೆ ನಿಮ್ಮ ನೆನಪಿಗೆ ಬರುವುದು ಸೋರಿದ ಸಾರಿನ ಡಬ್ಬಿ.

ಆದ್ದರಿಂದ ಈ ಲೇಖನದಲ್ಲಿ ಒಂದು ಬೇರೆ ಬಗೆಯ ವಾರಾಂತ್ಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ನೀವೂ ಕುರ್ಚಿಯ ಮೇಲೆ ಕುಳಿತು ನೋಡುವವರು. ಷರತ್ತು ಒಂದೇ: ಮನೆಯಿಂದ ಕುಡಿಯುವ ನೀರು ಬಿಟ್ಟು ಏನನ್ನೂ ಬೇಯಿಸಿ ಒಯ್ಯುವಂತಿಲ್ಲ.

ಇದಕ್ಕೆ ಕರಾವಳಿಗಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನವೆಂಬರಿನಿಂದ ಬೇಸಿಗೆಯವರೆಗೆ ರಾತ್ರಿಯಾದರೆ ಯಾವುದೋ ಗದ್ದೆಯಲ್ಲಿ ಯಕ್ಷಗಾನದ ಚೆಂಡೆ ಮೊಳಗುತ್ತಿರುತ್ತದೆ. ಶನಿವಾರ ಭಾನುವಾರಗಳಲ್ಲಿ ಕೆಸರಿನ ಕರೆಯಲ್ಲಿ ಕೋಣಗಳ ಓಟ, ಅಂದರೆ ಕಂಬಳ. ಊಟದ ಮಾತು ಬೇರೆ ಹೇಳಬೇಕಿಲ್ಲ. ದೇಶಕ್ಕೆಲ್ಲ ಹೋಟೆಲಿನ ಇಡ್ಲಿ ದೋಸೆಯ ರುಚಿ ಹತ್ತಿಸಿದ ಊರು ಉಡುಪಿ. ಅಲ್ಲಿಗೆ ಬುತ್ತಿ ಒಯ್ಯುವುದೆಂದರೆ ಸಮುದ್ರಕ್ಕೆ ಉಪ್ಪು ಹೊತ್ತಂತೆ. ಅಲ್ಲಿಯವರು ಯಕ್ಷಗಾನಕ್ಕೆ 'ಆಟ' ಎಂದೇ ಅನ್ನುವುದು. ಆಟ, ಓಟ, ಊಟ ಮೂರೂ ಒಂದೇ ವಾರಾಂತ್ಯದಲ್ಲಿ ಸಿಕ್ಕುತ್ತವೆ.

ಯಾವಾಗ ಹೊರಡಬೇಕು?

ಮೊದಲು ಕಂಬಳದ ಪಟ್ಟಿ ನೋಡಿ, ಆಮೇಲೆ ಮನೆಯ ಕ್ಯಾಲೆಂಡರು. ಕಂಬಳಗಳು ನವೆಂಬರ್ ನಡುವಿನಿಂದ ಮಾರ್ಚ್ ಏಪ್ರಿಲ್‌ವರೆಗೆ ವಾರಕ್ಕೊಂದು ಊರಿನಂತೆ ನಡೆಯುತ್ತವೆ. ಋತು ಆರಂಭವಾಗುವ ಮುಂಚೆ ಕಂಬಳ ಸಮಿತಿಯವರು ದಿನಾಂಕಗಳ ಪಟ್ಟಿ ಪ್ರಕಟಿಸುತ್ತಾರೆ, ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಡಿ. ಮಕ್ಕಳ ಪರೀಕ್ಷೆ, ಮನೆಯ ಶ್ರಾದ್ಧ, ನಾದಿನಿಯ ಸೀಮಂತ ಎಲ್ಲ ಕಳೆದು ಉಳಿದ ಶನಿವಾರ ಯಾವುದೋ ಅದೇ ನಿಮ್ಮದು. ಕರಾವಳಿಯ ಸೆಖೆ ಬಯಲುಸೀಮೆಯವರಿಗೆ ತಡೆಯದು. ಹಾಗಾಗಿ ಡಿಸೆಂಬರ್, ಜನವರಿ, ಫೆಬ್ರವರಿ ಉತ್ತಮ. ಒಂದು ಎಚ್ಚರಿಕೆ: ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ. ಅದನ್ನೇ ನೋಡಬೇಕೆಂದು ಹೋಗುವವರ ಮಾತು ಬೇರೆ. ಉಳಿದವರಿಗೆ ಆ ವಾರ ಲಾಡ್ಜಿನಲ್ಲಿ ಕೋಣೆ ಸಿಕ್ಕುವುದು ಕಷ್ಟ.

ಇನ್ನೊಂದು ಲೆಕ್ಕವೂ ಉಂಟು, ಬಾಯಿಬಿಟ್ಟು ಯಾರೂ ಹೇಳದ ಲೆಕ್ಕ. ಪ್ರವಾಸದ ದಿನಾಂಕಕ್ಕೆ ಸರಿಯಾಗಿ ತಿಂಗಳ ರಜೆ ಬಂದುಬಿಟ್ಟರೆ? ಎಷ್ಟೋ ಜನ ಗೃಹಿಣಿಯರು ಔಷಧಿ ಅಂಗಡಿಯಿಂದ ಮುಂದೂಡುವ ಮಾತ್ರೆ ತಂದು ನುಂಗಿಬಿಡುತ್ತಾರೆ. ಡಾಕ್ಟರನ್ನು ಕೇಳದೆ ಖಂಡಿತ ಹಾಗೆ ಮಾಡಬೇಡಿ. ರಕ್ತದೊತ್ತಡ, ತೀವ್ರ ತಲೆನೋವು, ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ ಇಂಥ ಮಾತ್ರೆ ಅಪಾಯ ತರಬಹುದು. ಅಷ್ಟಕ್ಕೂ ಗದ್ದೆಯಲ್ಲಿ ನಡೆಯುವ ಆಟಕ್ಕೆ, ಕೆಸರಿನ ಓಟಕ್ಕೆ ಯಾವ ಮಡಿಯ ಅಡ್ಡಿ? ದೇವಸ್ಥಾನಕ್ಕೆ ಉಳಿದವರು ಹೋಗಿಬರಲಿ, ಅಷ್ಟು ಹೊತ್ತು ನೀವು ರಥಬೀದಿಯ ಅಂಗಡಿಗಳನ್ನು ನೋಡಿ. ಮನೆಮಂದಿಗೆಲ್ಲ ಪ್ರವಾಸ ತಪ್ಪಿಸಿದೆನಲ್ಲ ಎಂಬ ಅಳುಕು ಮಾತ್ರ ಬೇಡ.

ಹೋಗುವ ದಾರಿ

ಬೆಂಗಳೂರು ಕಡೆಯವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ರಾತ್ರಿಯ ಪ್ರಯಾಣಕ್ಕೆ ಅನುಕೂಲ. ಉಡುಪಿಯ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಆಟೋ ಹಿಡಿಯಬೇಕು. ಹಾಸನದ ಕಡೆಯವರು ಶಿರಾಡಿ ಘಾಟಿ, ಚಿಕ್ಕಮಗಳೂರಿನವರು ಚಾರ್ಮಾಡಿ, ಶಿವಮೊಗ್ಗ ತೀರ್ಥಹಳ್ಳಿಯವರು ಆಗುಂಬೆ ಇಳಿದು ಬರುತ್ತಾರೆ. ಘಾಟಿಯ ತಿರುವಿಗೆ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಹೊರಡುವ ಮುನ್ನ ಹೊಟ್ಟೆ ಬಿರಿಯ ತಿನ್ನಿಸದೆ, ಕೈಯಲ್ಲೊಂದು ನಿಂಬೆಹಣ್ಣು ಕೊಟ್ಟು ಮುಂದಿನ ಸೀಟಿನಲ್ಲಿ ಕೂರಿಸಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಗೆ ದುಡ್ಡಿಲ್ಲ, ಗೊತ್ತಿದೆಯಷ್ಟೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ನಡೆಯದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಚೀಲದಲ್ಲಿರಲಿ. ಆದರೆ ಘಟ್ಟ ಇಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಉಡುಪಿ, ಕಾರ್ಕಳ, ಮೂಡುಬಿದಿರೆ, ಮಂಗಳೂರುಗಳ ನಡುವೆ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ನಿಮಗೂ ಟಿಕೇಟು ಕೊಳ್ಳಬೇಕು. ಚಿಲ್ಲರೆ ಇಟ್ಟುಕೊಂಡಿರಿ. ಆ ಬಸ್ಸುಗಳು ಬಲು ಚುರುಕು. ನೀವು ಸೀಟು ಹುಡುಕುವ ಮೊದಲೇ ಕಂಡಕ್ಟರು ಸೀಟಿ ಊದಿರುತ್ತಾನೆ.

ಖರ್ಚಿನ ಹಣವನ್ನು ಮೂರು ಲಕೋಟೆ ಮಾಡಿ. ಒಂದು ಪ್ರಯಾಣಕ್ಕೆ, ಒಂದು ಊಟ ವಸತಿಗೆ. ಮೂರನೆಯದರ ಮೇಲೆ ನಿಮ್ಮ ಹೆಸರು ಬರೆಯಿರಿ. ಅದರಲ್ಲಿ ಐವತ್ತೋ ಐನೂರೋ, ನಿಮ್ಮ ಕೈಲಾದಷ್ಟು. ಮೊದಲೆರಡು ಲಕೋಟೆಗೆ ಕಡಿಮೆ ಬಿತ್ತೆಂದು ಮೂರನೆಯದಕ್ಕೆ ಕೈಹಾಕುವಂತಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಈ ಲಕೋಟೆಯ ಕೆಲಸ ಮುಂದೆ ಬರುತ್ತದೆ.

ಮನೆಯಲ್ಲಿ ವಯಸ್ಸಾದ ಅತ್ತೆಯವರಿದ್ದಾರೆ, ಬಿಟ್ಟು ಹೋಗುವುದು ಹೇಗೆ ಅನ್ನುತ್ತೀರಾ? ಕಾಲು ಗಟ್ಟಿಯಿದ್ದರೆ ಕರೆದುಕೊಂಡೇ ಹೋಗಿ. ಯಕ್ಷಗಾನವನ್ನು ನಿಮಗಿಂತ ಚೆನ್ನಾಗಿ ನೋಡುವವರು ಅವರು; ಪುರಾಣದ ಕಥೆ ಅವರಿಗೆ ಬಾಯಿಪಾಠ. ಆಗದವರಾದರೆ ಓರಗಿತ್ತಿಯ ಜೊತೆ ಒಪ್ಪಂದ ಮಾಡಿಕೊಳ್ಳಿ. ಈ ವಾರ ಅವರು ನೋಡಿಕೊಳ್ಳಲಿ, ಮುಂದಿನ ತಿಂಗಳು ಅವರ ಮಕ್ಕಳನ್ನು ನೀವು ನೋಡಿಕೊಳ್ಳಿ. ಉಪಕಾರ ಕೇಳುವುದಕ್ಕಿಂತ ಸರದಿ ಹಾಕಿಕೊಳ್ಳುವುದು ಸುಲಭ.

ಶನಿವಾರ ಬೆಳಿಗ್ಗೆ

ಉಡುಪಿಯಲ್ಲಿ ಇಳಿದು, ಸ್ನಾನ ಮುಗಿಸಿ, ರಥಬೀದಿಗೆ ಬನ್ನಿ. ಮಠದ ಸುತ್ತಮುತ್ತ ಲಾಡ್ಜುಗಳು ಬೇಕಾದಷ್ಟಿವೆ. ಆದರೂ ಶನಿವಾರ ಜನ ಹೆಚ್ಚು, ಫೋನಿನಲ್ಲಿ ಮೊದಲೇ ಕಾದಿರಿಸಿ. ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ಬೆಳ್ಳಿಯ ಕಿಟಕಿಯಿಂದ. ಪಶ್ಚಿಮದ ಗೋಡೆಯಲ್ಲಿ ಕನಕನ ಕಿಂಡಿ. ಮಧ್ಯಾಹ್ನ ಮಠದಲ್ಲಿ ಅನ್ನಪ್ರಸಾದ ಉಂಟು; ಸಾಲಿನಲ್ಲಿ ಕುಳಿತರೆ ಬಡಿಸುವವರು ಬೇರೆಯವರು. ಎಲೆಯ ಮುಂದೆ ಕುಳಿತು "ಸಾಕು, ಸಾಕು" ಅನ್ನುವ ಸುಖ ಗೃಹಿಣಿಗೆ ಮದುವೆಮನೆ ಬಿಟ್ಟರೆ ಎಲ್ಲಿ ಸಿಕ್ಕೀತು, ಹೇಳಿ!

ತಿಂಡಿಗೆ ರಥಬೀದಿಯ ಹಳೆಯ ಹೋಟೆಲುಗಳು. ಮಿತ್ರ ಸಮಾಜದಂಥ ಕಡೆ ಗೋಳಿಬಜೆ, ಬನ್ಸ್ ಕೇಳಿ. ಬನ್ಸ್ ಎಂದರೆ ಬೇಕರಿಯ ಬನ್ನಲ್ಲ. ಬಾಳೆಹಣ್ಣು ಹಾಕಿ ಕಲಸಿ ಕರಿದ ಸಿಹಿ ಪೂರಿ. ಕಾಯಿಚಟ್ನಿಯೊಡನೆ ಬಿಸಿಬಿಸಿ ತಿಂದರೆ ಮಕ್ಕಳು ಮನೆಗೆ ಬಂದ ಮೇಲೂ ಪೀಡಿಸುತ್ತಾರೆ. ಅದಕ್ಕೆಂದೇ ಇಲ್ಲಿ ವಿಧಾನ ಕೊಟ್ಟಿದ್ದೇನೆ: ಚೆನ್ನಾಗಿ ಕಳಿತ 2 ಬಾಳೆಹಣ್ಣನ್ನು 4 ಚಮಚ ಸಕ್ಕರೆಯೊಡನೆ ಕಿವುಚಿ. 3 ಚಮಚ ಹುಳಿಮೊಸರು, ಅರ್ಧ ಚಮಚ ಜೀರಿಗೆ, ಕಾಲು ಚಮಚ ಸೋಡ, ಚಿಟಿಕೆ ಉಪ್ಪು, 1 ಚಮಚ ತುಪ್ಪ ಸೇರಿಸಿ. ಈ ತೇವಕ್ಕೆ ಹಿಡಿಯುವಷ್ಟು, ಸುಮಾರು 2 ಕಪ್ ಮೈದಾ ಹಾಕಿ ಮೆತ್ತಗೆ ಕಲಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೇರೆ ನೀರು ಹಾಕಬಾರದು. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಹದವಾದ ಉರಿಯಲ್ಲಿ ಕರಿಯಿರಿ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಹೊರಗೆ ಕಪ್ಪು, ಒಳಗೆ ಹಸಿ.

ಸಂತೆ ಮಾರ್ಕೆಟ್ಟು ನೋಡುವ ಆಸೆಯಿದ್ದರೆ ಹಸಿರು ಬಣ್ಣದ ದುಂಡು ಬದನೆ ಕಂಡೀತು. ಅದು ಮಟ್ಟುಗುಳ್ಳ. ಉಡುಪಿಯ ಬಳಿಯ ಮಟ್ಟು ಎಂಬ ಊರಿನ ಬೆಳೆ, ವಾದಿರಾಜಸ್ವಾಮಿಗಳು ಕೊಟ್ಟ ಬೀಜ ಎಂದು ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಸಿಪ್ಪೆ ತೆಳು, ಹುಳಿಗೆ ಹಾಕಿದರೆ ಬಲು ರುಚಿ. ಒಂದು ಕಿಲೋ ಕೊಂಡರೆ ಮನೆಯವರೆಗೂ ಕೆಡದು. ಮೀನು ಮಾಂಸ ತಿನ್ನುವ ಮನೆಯವರಾದರೆ ಒಂದು ಹೊತ್ತು ಕೋರಿರೊಟ್ಟಿಗೆ ಮೀಸಲಿಡಿ. ಹಪ್ಪಳದ ಹಾಗೆ ಗರಿಗರಿಯಾದ ಅಕ್ಕಿರೊಟ್ಟಿಯ ಮೇಲೆ ತೆಂಗಿನಹಾಲಿನ ಕೋಳಿಸಾರು ಹೊಯ್ದು, ನೆನೆದು ಮೆತ್ತಗಾಗುವ ಮೊದಲೇ ತಿನ್ನಬೇಕು.

ಮೂರನೆಯ ಲಕೋಟೆ ಈಗ ತೆರೆಯಿರಿ. ಉಡುಪಿಯ ಹತ್ತಿರದ ಶಂಕರಪುರದ ಮಲ್ಲಿಗೆಯ ಹೆಸರು ಕೇಳಿದ್ದೀರಷ್ಟೆ? ಅಂಗಳದಲ್ಲಿ ಮಲ್ಲಿಗೆ ಗಿಡ ಬೆಳೆಸಿ, ಬೆಳಿಗ್ಗೆ ಬೇಗ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದಿಲ್ಲ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಬದಲು. ಮದುವೆಯ ದಿನಗಳಲ್ಲಿ ಏರುವ ಪರಿ ನೋಡಿದರೆ ಚಿನ್ನವೇ ವಾಸಿ ಅನ್ನಿಸುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಇದೇ ಹೂವು. ಕೊಂಡ ಹೂವನ್ನು ಬಾಳೆಎಲೆಯಲ್ಲಿ ಸುತ್ತಿಯೇ ಇಡಿ, ಪ್ಲಾಸ್ಟಿಕ್ಕಿಗೆ ತುಂಬಿದರೆ ಬೆವತು ಕೊಳೆಯುತ್ತದೆ. ಲಕೋಟೆ ದಪ್ಪವಿದ್ದವರು ಕೈಮಗ್ಗದ ಉಡುಪಿ ಸೀರೆ ಕೇಳಿ ನೋಡಬಹುದು. ಹತ್ತಿಯ ಸೀರೆ, ದಿನ ಉಡಲು ಹಗುರ. ನೇಯುವವರು ಕೈಬೆರಳಲ್ಲಿ ಎಣಿಸುವಷ್ಟಾಗಿ ನಿಂತೇಹೋಗಲಿದ್ದ ಕಲೆ ಇದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಮತ್ತೆ ಚಿಗುರಿದೆ.

ಮಧ್ಯಾಹ್ನದ ನಿದ್ದೆ ಕಡ್ಡಾಯ

ಊಟವಾದ ಮೇಲೆ ಮಲ್ಪೆ ಕಡಲತೀರಕ್ಕೆ ಹೋಗೋಣ ಎಂದು ಮಕ್ಕಳು ಹಟ ಹಿಡಿದಾರು. ಕರೆದೊಯ್ಯುವ ಕೆಲಸ ಅವರಪ್ಪನಿಗಿರಲಿ. ನೀವು ಕೋಣೆಯ ಬಾಗಿಲು ಹಾಕಿ ಮಲಗಿ. ಇದು ಸೋಮಾರಿತನವಲ್ಲ, ರಾತ್ರಿಯ ಆಟಕ್ಕೆ ತಯಾರಿ. ಅಲ್ಲಿಯ ಹಳಬರೂ ಆಟಕ್ಕೆ ಹೋಗುವ ದಿನ ಹೀಗೇ ಒಂದು ನಿದ್ದೆ ತೆಗೆದಿಡುತ್ತಾರೆ. ಎದ್ದು ಕಾಫಿ ಕುಡಿದು ಮತ್ತೆ ರಥಬೀದಿಗೆ ಹೋದರೆ ಸಂಜೆ ರಾಜಾಂಗಣದಲ್ಲಿ ಸಂಗೀತವೋ ನೃತ್ಯವೋ ಏನಾದರೊಂದು ಇರುವುದು ರೂಢಿ. ಕಛೇರಿಗೆ ಟಿಕೇಟಿಲ್ಲ. ಅದೃಷ್ಟವಿದ್ದರೆ ಸ್ಯಾಕ್ಸೋಫೋನ್ ಕೇಳಿಬಂದೀತು. ಕರಾವಳಿಯ ಮದುವೆ, ಉತ್ಸವಗಳಲ್ಲಿ ನಾಗಸ್ವರದ ಪಕ್ಕದಲ್ಲೇ ಈ ವಿಲಾಯತಿ ವಾದ್ಯ ಊದುತ್ತಾರೆ. ಕದ್ರಿ ಗೋಪಾಲನಾಥರು (1949-2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕಂಡು ಮೋಹಗೊಂಡು, ಕರ್ನಾಟಕ ಸಂಗೀತದ ಗಮಕ ಇದರಲ್ಲೂ ಹೊರಡುವಂತೆ ಒಲಿಸಿಕೊಂಡವರು. ಅವರ ಶಿಷ್ಯರೂ ಶಿಷ್ಯೆಯರೂ ಇಂದು ಊರೂರಿನಲ್ಲಿದ್ದಾರೆ.

ರಾತ್ರಿಯ ಆಟ

ಈಗ ಮುಖ್ಯ ವಿಷಯಕ್ಕೆ ಬಂದೆವು. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂದು ಎರಡು ಮುಖ್ಯ ಬಗೆ. ಧರ್ಮಸ್ಥಳ, ಕಟೀಲು ಮೇಳಗಳು ತೆಂಕು. ಮಂದಾರ್ತಿ, ಸಾಲಿಗ್ರಾಮ ಮೇಳಗಳು ಬಡಗು. ತೆಂಕಿನಲ್ಲಿ ದೊಡ್ಡ ಕಿರೀಟಗಳ ಅಬ್ಬರ, ಬಡಗಿನಲ್ಲಿ ಮುಂಡಾಸಿನ ಸೊಗಸು. ನಿಮಗೆ ಯಾವುದು ಸಿಕ್ಕರೂ ಸರಿಯೇ. ಮೇಳಗಳು ಮಳೆಗಾಲದ ಬಿಡುವಿನ ನಂತರ ಹೊರಟರೆ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ತಿರುಗಾಟ. ಇಂದು ಯಾವ ಮೇಳದ ಆಟ ಯಾವ ಊರಿನಲ್ಲಿ ಎಂಬುದು ಅಲ್ಲಿಯ ದಿನಪತ್ರಿಕೆಗಳಲ್ಲಿ ಬರುತ್ತದೆ. ಲಾಡ್ಜಿನವರನ್ನೋ ಹೋಟೆಲಿನ ಮಾಣಿಯನ್ನೋ ಕೇಳಿದರೂ ಹೇಳುತ್ತಾರೆ.

ಹೆಚ್ಚಿನವು ಹರಕೆಯ ಆಟ. ಮಗಳಿಗೆ ಗಂಡು ಕೂಡಿಬರಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತವರು ಮೇಳವನ್ನು ಕರೆಸಿ ಮನೆಯ ಗದ್ದೆಯಲ್ಲಿ ಆಡಿಸುತ್ತಾರೆ. ಕಟೀಲು ಮೇಳಕ್ಕಂತೂ ಹತ್ತಾರು ವರ್ಷ ಮುಂದಕ್ಕೆ ಹರಕೆ ಬರೆಸಿದವರಿದ್ದಾರೆ. ಇಂಥ ಆಟಕ್ಕೆ ಟಿಕೇಟೂ ಇಲ್ಲ, ಆಮಂತ್ರಣವೂ ಬೇಕಿಲ್ಲ. ಬಂದವರಿಗೆಲ್ಲ ಊಟ ಹಾಕುವ ಮನೆಗಳೂ ಬಹಳ. ಹಾಗೆಂದು ಊಟಕ್ಕೆಂದೇ ಬಂದವರಂತೆ ನಡೆದುಕೊಳ್ಳಬೇಡಿ. ಮನೆಯ ಹಿರಿಯರನ್ನು ಕಂಡು "ನಾವು ಇಂಥ ಊರಿನವರು, ಆಟ ನೋಡಲು ಬಂದೆವು" ಅಂತ ಒಂದು ಮಾತು ಹೇಳಿ, ದೇವಿಯ ಪ್ರಸಾದ ತೆಗೆದುಕೊಳ್ಳಿ. ಆ ಮೇಲೆ ನಿಮ್ಮ ಕುರ್ಚಿಗೆ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಡುವವರು ಅವರೇ.

ರಂಗಸ್ಥಳದ ಹಿಂದೆ ಬಣ್ಣ ಹಚ್ಚುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಚಪ್ಪಲಿ ಬಿಟ್ಟು, ಕೇಳಿಕೊಂಡು, ಮಕ್ಕಳಿಗೆ ಅದನ್ನು ತಪ್ಪದೆ ತೋರಿಸಿ. ಎದುರಿಗೆ ಸಣ್ಣ ಕನ್ನಡಿ ಇಟ್ಟುಕೊಂಡು ತನ್ನ ಮುಖವನ್ನು ತಾನೇ ರಾಕ್ಷಸ ಮಾಡಿಕೊಳ್ಳುವುದನ್ನು ಕಂಡ ಮಗು ಆಮೇಲೆ ರಂಗದಲ್ಲಿ ಆ ರಾಕ್ಷಸನಿಗೆ ಹೆದರುವುದಿಲ್ಲ. ಪ್ರಸಂಗ ಯಾವುದೆಂದು ಸಂಜೆಯೇ ತಿಳಿದುಕೊಂಡು ಕಥೆಯನ್ನು ಮಕ್ಕಳಿಗೆ ಹೇಳಿಟ್ಟರೆ ಅರ್ಧ ಕೆಲಸ ಮುಗಿಯಿತು. ಪಾತ್ರಧಾರಿಗಳ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು ಅಲ್ಲಿಯೇ ಹೊಸೆಯುವ ಮಾತು ಅದು. ಹಾಸ್ಯಗಾರ ನಿಮ್ಮೂರಿನ ಗ್ಯಾಸಿನ ಬೆಲೆಯನ್ನೂ ಪುರಾಣದೊಳಗೆ ತಂದು ಕೂರಿಸಿಯಾನು.

ಕಟೀಲು ಮೇಳಗಳಲ್ಲಿ 'ದೇವಿ ಮಹಾತ್ಮೆ' ಸಿಕ್ಕಿದರಂತೂ ಬಿಡಬೇಡಿ. ಅದರಲ್ಲಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತಾನೆ. ದೊಂದಿಯ ಬೆಂಕಿ, ಅದರ ಮೇಲೆ ಎರಚಿದ ರಾಳ ಭಗ್ಗೆಂದು ಹತ್ತುವುದು, ಎರಡು ಕೋಡಿನ ಆ ಆಕಾರ, ಚೆಂಡೆಯ ಏರುಗತಿ. ಮಡಿಲಲ್ಲಿ ಮಲಗಿದ ಮಗು ಮಾತ್ರವಲ್ಲ, ತೂಕಡಿಸುತ್ತಿದ್ದ ಯಜಮಾನರೂ ಎದ್ದು ಕೂರುತ್ತಾರೆ. ಎಳೆಯ ಕೂಸಿದ್ದವರು ಮಾತ್ರ ಚೆಂಡೆಯಿಂದ, ಧ್ವನಿವರ್ಧಕದಿಂದ ದೂರ ಕುಳಿತುಕೊಳ್ಳಿ.

ಈಚೆಗೆ ಕಾಲಮಿತಿಯ ಆಟಗಳು ಬಂದಿವೆ. ಸಂಜೆ ಆರಂಭಿಸಿ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಾರೆ. ಸಂಸಾರವಂದಿಗರಿಗೆ ಇದೇ ಅನುಕೂಲ ಎಂಬುದನ್ನು ಒಪ್ಪುತ್ತೇನೆ. ಆದರೂ ನನ್ನನ್ನು ಕೇಳಿದರೆ ಬೆಳಗಿನವರೆಗೆ ನಡೆಯುವ ಆಟ ಸಿಕ್ಕಿದರೆ ಒಮ್ಮೆ ಕೂತು ನೋಡಿ ಎಂದೇ ಹೇಳುತ್ತೇನೆ. ನೀವು ರಾತ್ರಿಯಿಡೀ ಎಚ್ಚರವಿದ್ದದ್ದು ಯಾವಾಗ, ನೆನಪು ಮಾಡಿಕೊಳ್ಳಿ. ಮಗುವಿನ ಜ್ವರಕ್ಕೆ, ಮಾವನವರ ಆಸ್ಪತ್ರೆಗೆ, ಹಬ್ಬದ ಚಕ್ಕುಲಿಗೆ. ನಿಮ್ಮ ಸಂತೋಷಕ್ಕೆ ಎಂದು ಎಚ್ಚರವಿದ್ದ ರಾತ್ರಿ ಒಂದಾದರೂ ಇದೆಯೆ?

ಚೆಂಡೆಯ ಪಕ್ಕದಲ್ಲಿ ಕೂತು ಹಾಡುವವರು ಗಂಡಸರೇ ಆಗಬೇಕು ಎಂಬ ಕಾಲವೂ ಇತ್ತು. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಮದುವೆಯಾಗಿ ಬಂದ ಮೇಲೆ, ಹಿಮ್ಮೇಳದ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತರು. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರು ಅವರು. ಹಗಲು ಮನೆ, ರಾತ್ರಿ ರಂಗಸ್ಥಳ, ಮಳೆಗಾಲ ಬಿಟ್ಟರೆ ಬಿಡುವಿಲ್ಲದ ತಿರುಗಾಟ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ತೆರೆದ ದಾರಿಯಲ್ಲಿ ಈಗ ಹಾಡುವ, ವೇಷ ಕಟ್ಟುವ ಹೆಣ್ಣುಮಕ್ಕಳು ಎಷ್ಟೋ ಜನ. ನಿಮ್ಮ ಮಗಳು ಪಕ್ಕದಲ್ಲಿದ್ದರೆ ಈ ಕಥೆಯನ್ನೂ ಹೇಳಿ.

ಕೈಚೀಲದಲ್ಲಿ ಇಷ್ಟಿರಲಿ: ಎಲ್ಲರಿಗೂ ಒಂದೊಂದು ಶಾಲು (ಗದ್ದೆಯಲ್ಲಿ ನಡುರಾತ್ರಿ ಇಬ್ಬನಿ ಬೀಳುತ್ತದೆ), ಒಂದು ಜಮಖಾನೆ, ಟಾರ್ಚು, ಸೊಳ್ಳೆಗೆ ಬೇವಿನೆಣ್ಣೆ ಅಥವಾ ಮುಲಾಮು. ಹಿಂದಿರುಗಲು ಆಟೋದವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ಆ ಹೊತ್ತಿನಲ್ಲಿ ಬಸ್ಸಿರುವುದಿಲ್ಲ.

ಭಾನುವಾರದ ಓಟ

ಆಟ ಮುಗಿದು ನಾಲ್ಕು ತಾಸು ಮಲಗಿ ಎದ್ದರೆ ಕಂಬಳ. ಕಂಬಳ ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ ಆರಂಭವಾಗಿ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಸಾಗಿ ಭಾನುವಾರಕ್ಕೆ ಮುಗಿಯುವಂಥದು. ಕೊನೆಯ ಸುತ್ತುಗಳ ಬಿಸಿಯೇ ಬಿಸಿ, ಅದಕ್ಕೆ ತಕ್ಕಂತೆ ತಲುಪಿದರೆ ಸಾಕು. ನಿಮ್ಮ ವಾರ ಮೂಡುಬಿದಿರೆಯ ಕಂಬಳವಾಗಿದ್ದರೆ ಬಹಳ ಒಳ್ಳೆಯದು. ಉಡುಪಿಯಿಂದ ಕಾರ್ಕಳದ ಮೇಲೆ ಸುಮಾರು 55 ಕಿ.ಮೀ. ದಾರಿಯಲ್ಲಿ ಕಾರ್ಕಳದ 42 ಅಡಿಯ ಗೊಮ್ಮಟ (1432), ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ (1430). ಬಸದಿಯ ಕಂಬಗಳಲ್ಲಿ ಒಂದರ ಕೆತ್ತನೆಯಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಮಕ್ಕಳಿಗೆ ಪಂಥ ಕಟ್ಟಿ ಹುಡುಕಲು ಬಿಟ್ಟು ನೀವು ನೆರಳಿನಲ್ಲಿ ಕೂರಬಹುದು.

ಓಡುವ ಹಾದಿಗೆ 'ಕರೆ' ಎಂದು ಹೆಸರು. ಪಕ್ಕಪಕ್ಕದಲ್ಲಿ ಎರಡು ಇದ್ದರೆ ಜೋಡುಕರೆ. ಮೂಡುಬಿದಿರೆಯ ಕರೆಗಳಿಗೆ ಕೋಟಿ-ಚೆನ್ನಯ, ಮಿಯಾರಿನವಕ್ಕೆ ಲವ-ಕುಶ, ಉಪ್ಪಿನಂಗಡಿಯವಕ್ಕೆ ವಿಜಯ-ವಿಕ್ರಮ. ಓಟ ಹೊರಡುವ ಕಡೆ ಗಂತು, ಕೋಣಗಳು ಏರಿ ನಿಲ್ಲುವ ದಿಬ್ಬ ಮಂಜೊಟ್ಟಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳುಂಟು. ಹೊಸಬರಿಗೆ ಕನೆಹಲಗೆ ಬಲು ಚೆಂದ. ಅಲ್ಲಿ ವೇಗಕ್ಕಿಂತ ಮುಖ್ಯ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದು. ಮೇಲೆ ಕಟ್ಟಿದ ನಿಶಾನೆಯ ಬಟ್ಟೆ ತೋಯ್ದರೆ ಗೆದ್ದಂತೆ. ಕರೆಯ ಪಕ್ಕದಲ್ಲಿ ನಿಂತವರೂ ತೋಯುತ್ತಾರೆ, ಅದಕ್ಕೇ ರೇಷ್ಮೆ ಸೀರೆ ಬೇಡ ಎಂದು ಈಗಲೇ ಹೇಳಿಬಿಡುತ್ತೇನೆ. ಹಳೆಯ ನೂಲಿನ ಸೀರೆಯೋ ಚೂಡಿದಾರವೋ ಸಾಕು. ಕೊಡೆ ಮರೆಯಬೇಡಿ. ಬೇಲಿ ದಾಟಬೇಡಿ, ಮಂಜೊಟ್ಟಿಯ ಎದುರಿಗೆ ಅಪ್ಪಿತಪ್ಪಿಯೂ ನಿಲ್ಲಬೇಡಿ. ಓಡಿಬಂದ ಕೋಣಗಳಿಗೆ ನೀವು ಕಾಣುವುದಿಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿ, ಅವರನ್ನು ಉಸೇನ್ ಬೋಲ್ಟರಿಗೆ ಹೋಲಿಸಿದ್ದರು. ಆ ಹೋಲಿಕೆಯನ್ನು ಅವರೇ ಒಪ್ಪಲಿಲ್ಲ. ಕೋಣಗಳ ವೇಗವೂ ತಮ್ಮ ಓಟದಲ್ಲಿ ಸೇರಿದೆ ಎಂಬುದು ಓಡಿದವರಿಗೆ ಗೊತ್ತಿರುತ್ತದೆ. ಆ ಕೋಣಗಳನ್ನು ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಮನೆಯ ಮಕ್ಕಳಂತೆ ಸಾಕುತ್ತಾರೆ.

ಆದರೂ ಬೆತ್ತದ ಸದ್ದು ಕೇಳಿದಾಗ ನಿಮಗೆ 'ಅಯ್ಯೋ' ಅನ್ನಿಸಿದರೆ ತಪ್ಪಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದಾಗಿ ಕಂಬಳಕ್ಕೂ ತಡೆ ಬಂದಿತ್ತು. ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಸಂವಿಧಾನಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದ ಮೇಲೆ ಹಾದಿ ಸುಗಮವಾಯಿತು. ಪ್ರಾಣಿಗೆ ಹಿಂಸೆ ಕಡಿಮೆಯಿರುವಂತೆ ನಡೆಸುವ ಹೊಣೆ ಆಯೋಜಕರದು. ಮಗಳು "ಅದಕ್ಕೆ ನೋವಾಗಲ್ವಾ ಅಮ್ಮ?" ಎಂದು ಕೇಳಿದರೆ ಸುಮ್ಮನಿರು ಅನ್ನಬೇಡಿ, ನೋವಾಗುತ್ತದೆ, ಅದಕ್ಕೇ ನಿಯಮ ಬಂದಿದೆ ಎಂದು ನಿಜವನ್ನೇ ಹೇಳಿ. ಮನಸ್ಸು ಒಗ್ಗದಿದ್ದರೆ ಎರಡು ಓಟ ನೋಡಿ ಬಸದಿಯ ಕಡೆ ಹೊರಟುಬಿಡಿ.

ಬಯಲಿನಲ್ಲಿ ಹೆಂಗಸರಿಗೆ ಶೌಚದ ಅನುಕೂಲ ಎಲ್ಲ ಕಡೆಯೂ ಒಂದೇ ತರಹ ಇರುವುದಿಲ್ಲ. ಪೇಟೆಯ ಹೋಟೆಲಿನಲ್ಲಿ ಮುಗಿಸಿಕೊಂಡೇ ಮೈದಾನಕ್ಕೆ ಹೋಗಿ. ಆ ಭಯಕ್ಕೆ ನೀರು ಕುಡಿಯದೆ ಇರುವುದು ನಮ್ಮ ಹೆಂಗಸರ ಹಳೆಯ ಚಾಳಿ. ಬಿಸಿಲಿನಲ್ಲಿ ಹಾಗೆ ಮಾಡಿದರೆ ತಲೆಸುತ್ತು, ಉರಿಮೂತ್ರ ಖಂಡಿತ. ಎಳನೀರು ಎಲ್ಲೆಲ್ಲೂ ಸಿಕ್ಕುತ್ತದೆ, ಧಾರಾಳವಾಗಿ ಕುಡಿಯಿರಿ. ಮೂಡುಬಿದಿರೆಯಿಂದ ಮಂಗಳೂರು 35 ಕಿ.ಮೀ. ಆಸುಪಾಸು. ಅಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದು ರಾತ್ರಿಯ ಬಸ್ಸು ಹತ್ತಬಹುದು.

ಸೋಮವಾರ ಬೆಳಿಗ್ಗೆ

ಬೆಳಿಗ್ಗೆ ಆರಕ್ಕೆ ಮನೆ ತಲುಪಿ, ಎಂಟಕ್ಕೆ ಮಕ್ಕಳ ಶಾಲೆ ಎಂದರೆ ಎರಡು ದಿನದ ಸುಖ ಎರಡು ಗಳಿಗೆಯಲ್ಲಿ ಇಳಿದುಹೋದೀತು. ಇದಕ್ಕೂ ಉಡುಪಿಯವರದೇ ಉಪಾಯ ಇದೆ, ಕಲಸಿದ ಅವಲಕ್ಕಿ. ಬೇಯಿಸುವ ಕೆಲಸವಿಲ್ಲ. ಹೊರಡುವ ಮೊದಲೇ ತೆಳು ಅವಲಕ್ಕಿ, ಸಾರಿನ ಪುಡಿ, ಬೆಲ್ಲ, ಒಂದು ತೆಂಗಿನಕಾಯಿ ಮೇಜಿನ ಮೇಲೆ ಇಟ್ಟುಹೋಗಿ. ಒಂದು ಬಟ್ಟಲು ಕಾಯಿತುರಿಗೆ 2 ಚಮಚ ಬೆಲ್ಲದ ಪುಡಿ, 2 ಚಮಚ ಸಾರಿನ ಪುಡಿ, ರುಚಿಗೆ ಉಪ್ಪು ಹಾಕಿ ನೀರೊಡೆಯುವಂತೆ ಕೈಯಲ್ಲಿ ಚೆನ್ನಾಗಿ ಹಿಸುಕಬೇಕು. ಅದಕ್ಕೆ 3 ಬಟ್ಟಲು ಅವಲಕ್ಕಿ ಸೇರಿಸಿ ಕಲಸಿ, ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಹತ್ತು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಬೇಕಾದವರು ಮೊಸರು ಬಡಿಸಿಕೊಳ್ಳಲಿ.

ಕಾಯಿ ತುರಿಯುವುದು ಮಗನ ಪಾಲಿಗೆ, ಹಿಸುಕಿ ಕಲಸುವುದು ಯಜಮಾನರ ಪಾಲಿಗೆ. ಬಸ್ಸಿನಲ್ಲಿ ಬರುವಾಗಲೇ ಹಂಚಿಬಿಡಿ. ನೀವು ಬಾಳೆಎಲೆ ಬಿಚ್ಚಿ ಮಲ್ಲಿಗೆಗೆ ನೀರು ಚಿಮುಕಿಸಿ.